ಚಾಚಾ ಎತ್ತಿಟ್ಟ ಪರ್ಷಿಯನ್ ಕಾಗದಗಳು

ನನ್ನ ಗಂಡ ಬಿಡುವಿನಲ್ಲಿ ಇರಾನ್ ಕರಾವಳಿಯ ಸಣ್ಣ ಊರೊಂದರ ಚರಿತ್ರೆ ಬರೆಯುತ್ತಾರೆ. ಆ ಊರಿನ ಬಾವಿ ನೀರಿನ ಸರದಿ ಬರೆದಿಟ್ಟ ಹಳೆಯ ಪರ್ಷಿಯನ್ ಕಾಗದಗಳನ್ನು ನಾವಿರುವ ಗಲ್ಫ್ ಊರಿನ ಹಮ್ರಿಯಾ ಬಂದರಿನ ಇರಾನಿ ಮುದುಕರೊಬ್ಬರು ನಂಬಿ ಕೊಟ್ಟಿದ್ದರು. ಕಪಾಟು ಒರೆಸುವಾಗ ನಾನು ಅವನ್ನು ರದ್ದಿಯ ಜೊತೆ ಕೆಳಗಿನ ಕಸದ ಡಬ್ಬಕ್ಕೆ ಹಾಕಿಬಿಟ್ಟೆ.

“ಎಂತ ಮಾಡಿದೆ ಮಾರಾಯ್ತಿ! ಇನ್ನು ಅವರಿಗೆ ಹೇಗೆ ಮುಖ ತೋರಿಸುವುದು?” ಎಂದು ಗಂಡ ಕುಸಿದು ಕೂತರು.

ಕೆಳಗೆ ಓಡಿದರೆ ಡಬ್ಬ ಖಾಲಿ. ನನ್ನ ಮುಖ ನೋಡಿ, ಕಟ್ಟಡ ಕಾಯುವ ಪಾಕಿಸ್ತಾನಿ ಚಾಚಾ ತಮ್ಮ ಕೋಣೆಯಿಂದ ಆ ಕಟ್ಟನ್ನು ತಂದುಕೊಟ್ಟರು.

“ಈ ಲಿಪಿಯಲ್ಲಿ ಅಲ್ಲಾಹನ ಹೆಸರಿದ್ದರೆ? ಇಂಥದ್ದನ್ನು ನಾನು ಕಸಕ್ಕೆ ಬಿಡುವುದಿಲ್ಲ ಬೇಟಿ,” ಎಂದರು ಉರ್ದುವಿನಲ್ಲಿ.

ಅವರನ್ನೂ ಮೇಲೆ ಮನೆಗೆ ಕರೆದುಕೊಂಡು ಬಂದೆ. ಗಂಡ ಕನ್ನಡಕ ಹಾಕಿಕೊಂಡು ಮೊದಲ ಹಾಳೆ ನೋಡಿದರು. ಮೊದಲ ಸಾಲಿನಲ್ಲೇ ಆ ಹೆಸರಿತ್ತು. ನಾನು ಚಾಚಾರಿಗೂ ಸೇರಿಸಿ ಚಹಾಕ್ಕೆ ನೀರಿಟ್ಟೆ.