ಮದ್ದು ಹಾಕಿದ ಚೇಡತ್ತಿ

ಧನ್ಯಾ, ಚಿರಾಗ್, ಆಚೆಮನೆಯ ಚೇಡತ್ತಿಯ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಮುಷ್ಟಿ ಹಿಡಿದರೂ ಆ ಎರಡು ನೆಟ್ಟಗೆ ಚಾಚಿಕೊಂಡೇ ಇರುತ್ತಿದ್ದವು. "ಅಜ್ಜಿ, ಅವರು ಯಾವಾಗಲೂ ಪಿಸ್ತೂಲು ತೋರಿಸುದು ಯಾಕೆ?" ಎಂದು ಕೇಳಿ ನೀವು ನಕ್ಕಿದ್ದಿರಿ. ಅದರ ಉತ್ತರವನ್ನು ಎದುರು ಕುಳಿತು ಹೇಳಲು ನನಗೆ ಬಾಯಿ ಬರುವುದಿಲ್ಲ. ಬರೆಯುವುದಕ್ಕೆ ಏಳನೆಯ ಕ್ಲಾಸಿನ ತನಕ ಕಲಿತದ್ದು ಸಾಕು. ಆ ಬೆರಳುಗಳು ಹಾಗಾದದ್ದು ನಿಮ್ಮ ಅಜ್ಜನ ಕತ್ತಿಯಿಂದ.

ಚೇಡತ್ತಿ ಅಂದರೆ ಅವರ ಮಲಯಾಳದಲ್ಲಿ ಅಕ್ಕ ಎಂದ ಹಾಗೆ. ಮಗಳನ್ನು ತವರಿನಲ್ಲಿ ಬಿಟ್ಟು, ಕೇರಳದಿಂದ ಕಡಬದ ಕಡೆಗೆ ಒಬ್ಬರೇ ಬಂದು ರಬ್ಬರು ತೋಟ ಮಾಡಿದವರು. ತಲೆಕೂದಲಲ್ಲಿ ಯಾವಾಗಲೂ ಒಣಗಿದ ರಬ್ಬರು ಹಾಲಿನ ಎಳೆ. ಏಸುವಿಗೆ ಪ್ರಾರ್ಥನೆ ಮಾಡುವಾಗ ದನಿ ನಮ್ಮ ಅಂಗಳಕ್ಕೆ ಕೇಳುತ್ತಿತ್ತು, ಜಗಳ ಮಾಡಿದ ಹಾಗೆ: "ಕರ್ತನೇ, ನಿನಗೆ ಕಿವಿ ಉಂಟೋ ಇಲ್ವೋ?" ಕನ್ನಡದಲ್ಲಿ ಅವರಿಗೆ ಎಲ್ಲದಕ್ಕೂ 'ಹಾಕು' ಒಂದೇ ಮಾತು. ದನಕ್ಕೆ ನೀರು ಹಾಕಿದೆ, ಮಗಳಿಗೆ ಫೋನು ಹಾಕಿದೆ, ಕರ್ತನಿಗೆ ಪ್ರಾರ್ಥನೆ ಹಾಕಿದೆ.

"ಪ್ರಾರ್ಥನೆ ಹಾಕುದಲ್ಲ ಚೇಡತ್ತಿ, ಮಾಡುದು" ಎಂದು ನಾನು ಒಮ್ಮೆ ತಿದ್ದಿದ್ದೆ.

"ನೀನು ಶಾಲೆಗೆ ಹೋದವಳು, ನೀನು ಮಾಡು. ನಾನು ಹಾಕ್ತೇನೆ."

ನಾನು ಅವತ್ತು ನಕ್ಕು ಅಷ್ಟಕ್ಕೇ ಬಿಟ್ಟೆ. ಸರಿಯಾಗಿ ತಿದ್ದಬೇಕಿತ್ತು.

ನಿಮ್ಮ ಅಮ್ಮನಿಗೆ ಐದು ವರ್ಷವಾದಾಗ ಫಿಟ್ಸ್ ಶುರುವಾಯಿತು. ಊಟದ ಬಟ್ಟಲ ಮುಂದೆ ಕುಳಿತವಳು ಹಿಂದಕ್ಕೆ ಬಿದ್ದು, ಕಣ್ಣುಗುಡ್ಡೆ ಮೇಲಕ್ಕೆ ಹೊರಳಿಸಿ, ಕೈಕಾಲು ನೆಲಕ್ಕೆ ಬಡಿಯುತ್ತಿದ್ದಳು. ಹಲ್ಲಿನ ನಡುವೆ ನಾಲಗೆ ಸಿಕ್ಕಿ ಬಾಯಿಯೆಲ್ಲ ರಕ್ತ. ಪುತ್ತೂರಿನ ಡಾಕ್ಟರು ಮಾತ್ರೆ ಬರೆದು, "ಮೂರು ವರ್ಷ ಒಂದು ದಿನವೂ ಬಿಡ್ಬಾರದು. ನಡುವೆ ನಿಲ್ಲಿಸಿದರೆ ಜೀವಕ್ಕೇ ಬರ್ತದೆ" ಎಂದರು.

ನಿಮ್ಮ ಅಜ್ಜ ಜೀಪು ಓಡಿಸುತ್ತಿದ್ದರು. ಮಗಳೆಂದರೆ ಪ್ರಾಣ. ಜೋಯಿಸರಲ್ಲಿ ಪ್ರಶ್ನೆ ಇಟ್ಟು ನೋಡಿಸಿದಾಗ ಐವರ್ನಾಡಿನ ತರವಾಡು ಮನೆಯ, ಅಂದರೆ ಅವರ ಕುಟುಂಬದ ಮೂಲಮನೆಯ, ದೈವಕ್ಕೆ ತಂಬಿಲ ಬಾಕಿ ಇದೆ, ಆ ಸೇವೆ ಕೊಡಿ ಎಂದು ಬಂತು. ಮಾತ್ರೆ ನಿಲ್ಲಿಸಲು ಯಾರೂ ಹೇಳಿರಲಿಲ್ಲ. ಅದು ಅವರದೇ ಲೆಕ್ಕ. "ಒಂದು ಕೈಯಲ್ಲಿ ಹರಕೆ, ಇನ್ನೊಂದರಲ್ಲಿ ಮಾತ್ರೆ ಹಿಡಿದರೆ ದೈವವನ್ನು ನಂಬಿದ ಹಾಗೆ ಆಗುದಿಲ್ಲ" ಎಂದು ಮಾತ್ರೆಯ ಕಟ್ಟನ್ನು ಬಚ್ಚಲಿನ ಒಲೆಗೆ ಎಸೆದರು. ನಾನು ಬೆಂಕಿಗೆ ಕೈಹಾಕಿ ತೆಗೆಯಲು ಹೋದೆ. ಅವರು ಕೆನ್ನೆಗೆ ಹೊಡೆದರು. ಹಂಡೆಗೆ ತಲೆ ಬಡಿದು ಬಿದ್ದೆ. ಎದ್ದಾಗ ಇನ್ನೊಂದು. ನನ್ನ ಎಡಕಿವಿ ಅವತ್ತಿನಿಂದ ಕೇಳುವುದಿಲ್ಲ. ನೀವು ನನ್ನೊಡನೆ ಕೂಗಿ ಮಾತಾಡಬೇಕಾದದ್ದು ವಯಸ್ಸಿನಿಂದ ಅಲ್ಲ ಮಕ್ಕಳೇ.

ಮರುದಿನ ಡಾಕ್ಟರ ಚೀಟಿಯನ್ನು ರವಿಕೆಯೊಳಗೆ ಇಟ್ಟುಕೊಂಡು ಚೇಡತ್ತಿಯ ಮನೆಗೆ ಹೋದೆ. ಮಾತ್ರೆ ಒಲೆಗೆ ಹೋದದ್ದನ್ನು ಹೇಳಿ ಚೀಟಿ ಕೊಟ್ಟೆ. ನಾನು ಅಳುವುದಕ್ಕೆ ಮೊದಲೇ ಅವರು ನನ್ನ ಊದಿದ ಮುಖ ನೋಡಿದರು.

"ಅವನು ಹೊಡೆದದ್ದು ಆಮೇಲೆ ನೋಡುವ. ಗೂಡೆಗೆ ಮಾತ್ರೆ ತಪ್ಪಿ ಎಷ್ಟು ದಿನ ಆಯ್ತು?"

ಹುಡುಗಿಗೆ ನಮ್ಮ ಅರೆಭಾಷೆಯಲ್ಲಿ ಗೂಡೆ ಎನ್ನುವುದು. ಚೇಡತ್ತಿ ಆ ಶಬ್ದ ಕಲಿತದ್ದು ನಿಮ್ಮ ಅಮ್ಮನಿಗಾಗಿ. ಅವರೇ ಕಡಬದಿಂದ ಮಾತ್ರೆ ತಂದರು. ಬೆಳಿಗ್ಗೆ ಹಾಲು ತರುವ ನೆಪದಲ್ಲಿ ನಾನು ಮಗಳನ್ನು ಕಳಿಸುವುದು, ಅವರು ಬಾಳೆಹಣ್ಣಿನ ತುಂಡಿನೊಳಗೆ ಮಾತ್ರೆ ಒತ್ತಿ ತಿನ್ನಿಸುವುದು. ಒಂದು ತಿಂಗಳಾದರೂ ಫಿಟ್ಸ್ ಬರಲಿಲ್ಲ. "ನೋಡಿದಿಯಾ, ದೈವ ಕೈಹಿಡಿಯಿತು" ಎಂದು ನಿಮ್ಮ ಅಜ್ಜ ಕಣ್ಣೊರೆಸಿಕೊಂಡರು. ನಾನು ತಲೆಬಗ್ಗಿಸಿ ಹೂಂ ಎಂದೆ.

ಆದರೆ ತಂಬಿಲ ಮುಗಿಯುವ ತನಕ ಮಗಳನ್ನು ತರವಾಡಿನಲ್ಲೇ ಬಿಟ್ಟು ಬರುವ ಎಂದು ಅವರು ಹಠ ಹಿಡಿದರು. ಅಲ್ಲಿ ಮಾತ್ರೆ ಕೊಡುವವರು ಯಾರು? ಅವರಿಗೆ ನಿಜ ಹೇಳಲು ನನಗೆ ಧೈರ್ಯವಾಗಲಿಲ್ಲ, ಚೇಡತ್ತಿಗೆ ಮಾತ್ರ ಹೇಳಿದೆ. ಹೊರಡುವ ದಿನ ಚೇಡತ್ತಿ ರಬ್ಬರು ಹಾಲಿನ ಬಕೆಟು ಹಿಡಿದು ರಸ್ತೆಗೆ ಅಡ್ಡ ನಿಂತು ಜೀಪು ನಿಲ್ಲಿಸಿದರು.

"ಗೂಡೆಯನ್ನು ಕರ್ಕೊಂಡು ಹೋಗ್ಬೇಡ ಮಾರಾಯಾ. ಅವಳಿಗೆ ದಿನಾ ಬಾಳೆಹಣ್ಣಲ್ಲಿ ಮದ್ದು ಹಾಕಿದ್ದು ನಾನು!"

ನಮ್ಮ ಕಡೆ ಮದ್ದು ಕೊಡುವುದು ಬೇರೆ, ಮದ್ದು ಹಾಕುವುದು ಬೇರೆ. ಕಾಯಿಲೆಗೆ ಕೊಡುವುದು. ಮದ್ದು ಹಾಕುವುದೆಂದರೆ ತಿನ್ನುವುದರಲ್ಲಿ ಕೈವಿಷ ಬೆರೆಸುವುದು. ನಿಮ್ಮ ಅಜ್ಜನ ಮುಖ ಕಪ್ಪಾಯಿತು. ಸೀಟಿನ ಅಡಿಯ ಕತ್ತಿ ಎಳೆದುಕೊಂಡು ಹಾರಿದರು. "ನನ್ನ ಮಗುವಿಗೆ ಮದ್ದು ಹಾಕ್ತೀಯಾ? ಕಾಯಿಲೆ ತಂದದ್ದು ನೀನಾ?" ಎಂದು ಬೀಸಿದ್ದು ಕುತ್ತಿಗೆಗೆ. ಚೇಡತ್ತಿ ಎಡಗೈ ಅಡ್ಡ ಹಿಡಿದರು. ಕತ್ತಿ ಎಲುಬಿಗೆ ತಾಗಿದ ಸದ್ದು ನನಗೆ ಕೇಳಿತು. ನಾನು ಮಗಳ ಮುಖವನ್ನು ಎದೆಗೆ ಒತ್ತಿ ಹಿಡಿದು, ಜೀವಮಾನದಲ್ಲಿ ಮೊದಲ ಬಾರಿ ಗಂಡನ ಮೇಲೆ ಕಿರುಚಿದೆ: "ಡಾಕ್ಟರ ಮಾತ್ರೆ ಅದು! ಕೊಡಲಿಕ್ಕೆ ಹೇಳಿದ್ದು ನಾನು!"

ಅವರು ನನ್ನತ್ತ ತಿರುಗಿದರು, ಕತ್ತಿ ಎತ್ತಿಕೊಂಡೇ. ಅಷ್ಟರಲ್ಲಿ ಚೇಡತ್ತಿ ತುಂಬಿದ ಬಕೆಟನ್ನು ಬಲಗೈಯಲ್ಲಿ ಬೀಸಿ ಅವರ ತಲೆಗೆ ಹೊಡೆದರು. ಬಿದ್ದವರ ಎದೆಯ ಮೇಲೆ ಮೊಣಕಾಲೂರಿ, ರಬ್ಬರು ಗೀರುವ ಚೂರಿಯನ್ನು ಗಂಟಲಿಗೆ ಇಟ್ಟರು. ಬಿಳಿ ಹಾಲಿನ ಮೇಲೆ ರಕ್ತ ಹರಿದು ಅಲ್ಲೇ ಹೆಪ್ಪುಗಟ್ಟುತ್ತಿತ್ತು.

"ಕೇಳು. ಮಗಳಿಗಿಂತ ಮೊದಲು ನನಗೆ ಒಬ್ಬ ಮಗ ಇದ್ದ. ಇದೇ ಕಾಯಿಲೆ. ಮಾತ್ರೆ ಕೊಟ್ರೆ ವಿಶ್ವಾಸ ಇಲ್ಲ ಅಂತ ಆಗ್ತದೆ ಅಂದ ನನ್ನ ಗಂಡ. ನಾನೂ ಹೂಂ ಅಂದೆ. ಎಡೋ, ನಾನೂ ಹೂಂ ಅಂದೆ! ಮಗ ಫಿಟ್ಸ್ ಬಂದು ತೋಡಿನ ನೀರಿಗೆ ಬಿದ್ದು ಸತ್ತ. ಗಂಡನನ್ನು ಬಿಟ್ಟೆ, ಕರ್ತನನ್ನು ಬಿಡ್ಲಿಲ್ಲ. ನೀನೂ ನಿನ್ನ ದೈವವನ್ನು ಬಿಡ್ಬೇಡ. ಮಾತ್ರೆ ಬಿಟ್ರೆ ಮಾತ್ರ ನಿನ್ನನ್ನು ಇಲ್ಲೇ ಗೀರಿ ಹಾಕ್ತೇನೆ."

ಚೇಡತ್ತಿ ಎದೆಯಿಂದ ಕಾಲು ತೆಗೆದಾಗ ನಿಮ್ಮ ಅಜ್ಜ ಎದ್ದು ಕುಳಿತರು. ಹೆಗಲಿನ ಬೈರಾಸು ಟವೆಲು ತೆಗೆದು, "ಕೈ ಕೊಡಿ" ಎಂದರು. ಅವರೇ ಕಟ್ಟಿ, ಅದೇ ಜೀಪಿನಲ್ಲಿ ಪುತ್ತೂರಿಗೆ ಕೊಂಡುಹೋದರು. "ಹುಲ್ಲು ಕೊಯ್ಯುವಾಗ ತಾಗಿತು" ಎಂದು ಚೇಡತ್ತಿ ಆಸ್ಪತ್ರೆಯಲ್ಲಿ ಹೇಳಿದರು. ಹೊರಗೆ ಬಂದು ನಿಮ್ಮ ಅಜ್ಜನಿಗೆ ಹೇಳಿದ್ದು ಇಷ್ಟೆ: "ಪೊಲೀಸಿಗೆ ಹೋಗುದಿಲ್ಲ. ಆದ್ರೆ ನಾಳೆಯಿಂದ ಮಾತ್ರೆ ನಿನ್ನ ಕೈಯಿಂದಲೇ."

ತಂಬಿಲ ನಡೆಯಿತು. ಮೂರು ವರ್ಷ ದಿನವೂ ದೈವಕ್ಕೆ ದೀಪ ಇಟ್ಟು, ಅಲ್ಲೇ ಮಗಳ ಬಾಯಿಗೆ ಅವರೇ ಮಾತ್ರೆ ಇಟ್ಟರು. ನನ್ನ ಮೇಲೆ ಮತ್ತೆ ಕೈ ಎತ್ತಲಿಲ್ಲ. ತಪ್ಪಾಯಿತು ಎಂದು ಸಾಯುವ ತನಕ ಹೇಳಲೂ ಇಲ್ಲ. ಒಂದೇ ಬಟ್ಟಲಲ್ಲಿ ಗಂಜಿ ಬಡಿಸಿಕೊಂಡು ಅಷ್ಟು ವರ್ಷ ಬಾಳಿದೆವು. ನಾನು ಅವರನ್ನು ಮನ್ನಿಸಿದೆನೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು.

ಕಳೆದ ತಿಂಗಳು ಚೇಡತ್ತಿ ಹಾಸಿಗೆ ಹಿಡಿದಾಗ ನಿಮ್ಮ ಅಮ್ಮ ನೋಡಲು ಬಂದಿದ್ದಳು. ಅವಳ ಕೈ ಹಿಡಿದು ಅವರು ಕೇಳಿದ್ದು, "ನಿನ್ನ ಮಕ್ಕಳಿಗೆ ಆ ಕಾಯಿಲೆ ಬರ್ಲಿಲ್ಲ ಅಲ್ವಾ ಮೋಳೇ, ಮಗಳೇ?" "ಇಲ್ಲ ಚೇಡತ್ತಿ" ಎಂದಳು. ಅವರು ಕಣ್ಣು ಮುಚ್ಚಿ ಮಲಯಾಳದಲ್ಲಿ ಕರ್ತನೊಡನೆ ಏನೋ ಮಾತಾಡಿದರು. ಈ ಸಲ ಜಗಳವಿರಲಿಲ್ಲ. ಎರಡು ದಿನದಲ್ಲಿ ಹೋದರು.

ಅವರನ್ನು ಮಣ್ಣು ಮಾಡಿ ಇಗರ್ಜಿಯಿಂದ ಬರುವಾಗ ನಿಮ್ಮ ಅಮ್ಮ, "ಅಪ್ಪ ದಿನಾ ಕೈಯಾರೆ ಮಾತ್ರೆ ಕೊಟ್ಟದ್ದಕ್ಕೆ ನಾನು ಬದುಕಿದ್ದು ಅವ್ವಾ" ಎಂದು ಅತ್ತಳು. ನಾನು ಹೂಂ ಎಂದೆ. ಅದು ಸುಳ್ಳಲ್ಲ, ಆದರೆ ಅರ್ಧ. ಉಳಿದರ್ಧ ಈ ಹಾಳೆಗಳಲ್ಲಿದೆ. ಇವನ್ನು ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಒದ್ದೆಯಾಗದ ಹಾಗೆ ಇಡಿ. ನನ್ನ ಕಾಲ ಮುಗಿದ ಮೇಲೆ ನಿಮ್ಮ ಅಮ್ಮನಿಗೆ ಓದಿ ಹೇಳಿ. ಅಲ್ಲಿಯವರೆಗೆ ಕಳೆಯಬೇಡಿ, ಮಕ್ಕಳೇ.