ಆನೆ ಕತ್ತರಿಸಿ ಉಳಿದ ಚಪಾತಿ

ವಿಷಮಜ್ವರ ಬಂದು ಎದ್ದಾಗ ತಮ್ಮನಿಗೆ ನಾಲ್ಕು ವರ್ಷ, ನನಗೆ ಒಂಬತ್ತು. ಮೂರು ವಾರ ಹಾಸಿಗೆ ಹಿಡಿದಿದ್ದ ಹುಡುಗ ಏಳುವಷ್ಟರಲ್ಲಿ ಊಟವನ್ನೇ ಮರೆತಿದ್ದ. ಸಕ್ಕರೆ ಕಲಸಿದ ಹಾಲನ್ನ ಬಿಟ್ಟರೆ ಬೇರೇನೂ ಅವನ ಬಾಯಿಗೆ ಸೇರುತ್ತಿರಲಿಲ್ಲ. ತಾಟಿನಲ್ಲಿ ಹಸಿರು ಬಣ್ಣ ಕಂಡರೆ ಸಾಕು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕೂರುತ್ತಿದ್ದ.

ನಾವಿದ್ದದ್ದು ಮಾಟುಂಗದ ಒಂದು ಚಾಳಿನ ಎರಡನೆಯ ಮಹಡಿಯಲ್ಲಿ. ಧಾರವಾಡದಿಂದ ಬಂದಿದ್ದ ಅಪ್ಪ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ. ಬೆಳಿಗ್ಗೆ ಏಳರ ಲೋಕಲ್ ರೈಲು ಹಿಡಿದು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಅವನು ಒಂದು ದಿನ ರಜೆ ಹಾಕಿ ತಮ್ಮನನ್ನು ಡಾಕ್ಟರರ ಹತ್ತಿರ ಕರೆದೊಯ್ದ. ಡಾಕ್ಟರು ಹುಡುಗನ ಮೊಣಕಾಲು ಹಿಸುಕಿ ನೋಡಿ, ಸೊಪ್ಪು-ತಪ್ಪಲು, ಬೇಳೆ, ಗಜ್ಜರಿಗಡ್ಡೆ ಹೊಟ್ಟೆಗೆ ಹೋಗದಿದ್ದರೆ ಕಾಲು ಸೊಟ್ಟಗಾಗುತ್ತವೆ ಎಂದರಂತೆ. ಅಪ್ಪ ಅದನ್ನು ಹೇಳುತ್ತಿದ್ದಾಗ ಅವ್ವ ಸ್ಟೋವಿಗೆ ಗಾಳಿ ಹಾಕುವುದನ್ನು ನಿಲ್ಲಿಸಿ ಹಾಗೇ ಕೂತುಬಿಟ್ಟಳು.

ಅವ್ವನ ಬೆರಳಿಗೆ ಕಸೂತಿ ಬರುತ್ತಿತ್ತು. ಇಳಕಲ್ ಸೀರೆಯ ಮೇಲೆ ಎಳೆ ಎಣಿಸಿ ಗೋಪುರ, ಆನೆ, ಗಿಳಿ, ತುಳಸಿಕಟ್ಟೆ ಎಲ್ಲವನ್ನೂ ಹೊಲಿಯುತ್ತಿದ್ದಳು. ಡಾಕ್ಟರರ ಮಾತು ಕೇಳಿದ ಎರಡನೆಯ ದಿನವೋ ಮೂರನೆಯ ದಿನವೋ ಅವಳು ಬೇಯಿಸಿದ ಹೆಸರುಬೇಳೆ, ಹೆಚ್ಚಿದ ಮೆಂತ್ಯೆಸೊಪ್ಪು ಹಾಕಿ ಕಣಕ ನಾದಿ ದೊಡ್ಡ ಚಪಾತಿ ಮಾಡಿದಳು. ಅದನ್ನು ಮಣೆಯ ಮೇಲೆ ಹರವಿ, ಚಾಕುವಿನ ತುದಿಯಿಂದ ಕಸೂತಿಯ ಆನೆಯನ್ನೇ ಕೊರೆದು ತೆಗೆದಳು. ಕಣ್ಣಿಗೆ ಮೆಣಸಿನ ಕಾಳು, ಬೆನ್ನಿಗೆ ಬೇಯಿಸಿದ ಗಜ್ಜರಿಯ ಅಂಬಾರಿ, ಕಾಲ ಕೆಳಗೆ ಮೊಸರನ್ನ. ತಮ್ಮ ಬಾಯಿ ಮುಚ್ಚಿದ್ದ ಕೈ ತೆಗೆದು ನೋಡಿದ. ಮೊದಲು ಸೊಂಡಿಲು ಮುರಿದು ತಿಂದ. ಆಮೇಲೆ ಕಾಲು ತಿಂದ. ಅಂಬಾರಿಯನ್ನೂ ಬಿಡಲಿಲ್ಲ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ಅಲ್ಲಿಂದ ದಿನಾ ಮಧ್ಯಾಹ್ನ ಇದೇ ಕೆಲಸವಾಯಿತು. ಜೋಳದ ರೊಟ್ಟಿಯ ಚಂದ್ರ, ಪಾಲಕದ ಪಲ್ಯದ ಗಿಡದ ಮೇಲೆ ಟೊಮ್ಯಾಟೊ ಗಿಳಿ, ಬೀಟ್‌ರೂಟಿನ ಗೋಪುರ. ಕಿಂಗ್ಸ್ ಸರ್ಕಲ್‌ನಲ್ಲಿ ತಿರುಗುವ ಟ್ರಾಮ್ ಕಂಡರೆ ತಮ್ಮನಿಗೆ ಜೀವ. ಅದಕ್ಕೆ ವಾರಕ್ಕೊಮ್ಮೆ ಟ್ರಾಮೂ ಆಗಬೇಕಿತ್ತು. ನಾನು ಶಾಲೆಯಿಂದ ಊಟಕ್ಕೆ ಬರುವ ಹೊತ್ತಿಗೆ ಸರಿಯಾಗಿ ಈ ಕೆಲಸ ನಡೆಯುತ್ತಿತ್ತು. ಈಳಿಗೆಯ ಮುಂದೆ ಕೂತು ಸವತೆಕಾಯಿ, ಗಜ್ಜರಿಯನ್ನು ತೆಳ್ಳಗೆ ಬಿಲ್ಲೆ ಮಾಡಿ ಕೊಡುವುದು ನನ್ನ ಪಾಲು. ಊಟವೂ ಅದರಲ್ಲೇ ಆಗುತ್ತಿತ್ತು. ಆನೆ ತೆಗೆದ ಮೇಲೆ ಚಪಾತಿಯಲ್ಲಿ ಆನೆಯಾಕಾರದ ತೂತು ಉಳಿಯುತ್ತಿತ್ತಲ್ಲ, ಅದರ ಸುತ್ತಲಿನ ತುಂಡುಗಳು ನನಗೆ. ಟೊಮ್ಯಾಟೊದ ತೊಟ್ಟಿನ ಭಾಗ, ಗಜ್ಜರಿಯ ತುದಿ, ಬೀಟ್‌ರೂಟಿನ ಅಂಚು ನನಗೆ. ಹೊಟ್ಟೆ ತುಂಬುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಆ ಒಂದು ವರ್ಷದಲ್ಲಿ ಇಡೀ ಚಪಾತಿಯೊಂದು ನನ್ನ ತಾಟಿಗೆ ಬಿದ್ದ ನೆನಪಿಲ್ಲ.

ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯ ಒಬ್ಬ ಹೆಂಗಸಿದ್ದರು. ಅವರ ಗಂಡ ಮಾಟುಂಗದ ಹೋಟೆಲೊಂದರಲ್ಲಿ ಅಡುಗೆಯವರು. ಅವರು ಆಗಾಗ ಬಾಗಿಲಲ್ಲಿ ನಿಂತು ತಮ್ಮನ ತಾಟು ನೋಡುತ್ತಿದ್ದರು.

"ಎಂತ ಚಂದ ಮಾಡಿದ್ದೀರಿ ಮಾರಾಯ್ರೆ," ಎಂದರು ಒಂದು ದಿನ. "ಮಗಳಿಗೂ ಒಂದು ಮಾಡಿ ಕೊಡಿ. ಪಾಪ, ನೋಡ್ತಾ ಕೂತಿದ್ದಾಳೆ."

"ಅಕೀದೇನ್ರೀ, ಕಲ್ಲು ಕೊಟ್ರೂ ತಿಂತಾಳ," ಎಂದು ಅವ್ವ ನಕ್ಕಳು. "ಭಾಳ ಶಾಣ್ಯಾಕಿ. ಅಕಿಗ್ಯಾಕ ಬೇಕ್ರಿ ಚಿತ್ರ?"

ಶಾಣ್ಯಾಕಿ, ಅಂದರೆ ಜಾಣೆ, ಅನ್ನಿಸಿಕೊಳ್ಳುವುದು ನನಗೂ ಇಷ್ಟವಾಗಿತ್ತು. ಆದರೆ ಆ ಹೆಂಗಸಿನ ಮಾತು ಕಿವಿಯಲ್ಲಿ ಉಳಿಯಿತು. ಅಲ್ಲಿಯವರೆಗೆ ನಾನು ನೋಡುತ್ತ ಕೂತಿದ್ದೇನೆಂಬುದು ನನಗೇ ಗೊತ್ತಿರಲಿಲ್ಲ.

ಮಾರನೆಯ ದಿನ ನಾನು ಊಟ ಬಿಟ್ಟೆ. ತಾಟನ್ನು ಮುಂದೆ ಸರಿಸಿ, ತಮ್ಮನ ಹಾಗೆಯೇ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡೆ. ಅವ್ವ ಒಮ್ಮೆ ನೋಡಿದಳು.

"ಏನಾತು?"

"ನನಗ ಸೇರೂದಿಲ್ಲ."

"ಯಾವಾಗಿಂದ?"

ನಾನು ಗೋಡೆಯ ಕಡೆ ತಿರುಗಿ ಕೂತೆ. "ನನಗೂ ಗಿಳಿ ಬೇಕು" ಎಂದು ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತೋ. ಬಾಯಿ ಬರಲಿಲ್ಲ. ಕೇಳದೆಯೇ ಅವಳು ಮಾಡಬೇಕೆಂಬ ಹಟ ನನ್ನದು. ಅವ್ವ ತಾಟೆತ್ತಿ ಮುಚ್ಚಿಟ್ಟಳು. ಸಂಜೆಯೂ ನಾನು ಉಣ್ಣಲಿಲ್ಲ. ಅಪ್ಪ ಕೇಳಿದ್ದಕ್ಕೆ, "ಹಸಿವಾದ್ರ ತಾನ ತಿಂತಾಳ, ಬಿಡ್ರಿ," ಎಂದಳು. ತಮ್ಮ ಒಂದು ಹೊತ್ತು ಬಿಟ್ಟರೆ ದೇವರಿಗೆ ಹರಕೆ ಹೊರುತ್ತಿದ್ದವಳು ಅವಳೇ.

ಮರುದಿನ ಬೆಳಿಗ್ಗೆಯೂ ಬರಿಹೊಟ್ಟೆಯಲ್ಲೇ ಶಾಲೆಗೆ ಹೋದೆ. ಮಧ್ಯಾಹ್ನ ಮನೆಗೆ ಬಂದಾಗ ಅವ್ವ ನೀರಿಗಾಗಿ ಕೆಳಗಿನ ನಲ್ಲಿಗೆ ಹೋಗಿದ್ದಳು. ರೊಟ್ಟಿಯ ಬುಟ್ಟಿ ತೆಗೆದು, ನಿಂತಲ್ಲೇ, ನಿನ್ನೆಯ ತಣ್ಣನೆಯ ರೊಟ್ಟಿಯನ್ನು ಪಲ್ಯವಿಲ್ಲದೆ ಬರಿದೇ ತಿಂದೆ. ತುತ್ತು ಗಂಟಲಲ್ಲಿದ್ದಾಗಲೇ ಅವ್ವ ಕೊಡ ಹೊತ್ತು ಬಂದಳು. ಬೈಯಲಿಲ್ಲ. ಖೋಲಿಗಳ ಮುಂದಿನ ಗ್ಯಾಲರಿಗೆ ಹೋಗಿ ಪಕ್ಕದವರಿಗೆ, "ನೋಡ್ರಿ, ಒಂದ ದಿನದಾಗ ಮುಗೀತು ಸಿಟ್ಟು," ಎಂದು ಹೇಳಿ ನಕ್ಕಳು. ಆ ಹೆಂಗಸು ನಗಲಿಲ್ಲ. ನನ್ನ ಕಡೆ ನೋಡಿ ಒಳಗೆ ಹೋದರು. ಅವ್ವನ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅದರ ಮುಂದಿನ ವರ್ಷ ಅವ್ವ ಬಸುರಿಯಾದಳು. ಐದನೆಯ ತಿಂಗಳಿಗೆ ಬಸಿರು ಇಳಿದು ರಕ್ತ ಹೋಗಿ ಆಸ್ಪತ್ರೆ ಸೇರಬೇಕಾಯಿತು. ನಾನಾಗ ನಾಲ್ಕನೆಯ ಇಯತ್ತೆಯಲ್ಲಿ ಓದುತ್ತಿದ್ದೆ. ವಾರ್ಷಿಕ ಪರೀಕ್ಷೆಗೆ ಇನ್ನು ಕೆಲವೇ ದಿನಗಳಿದ್ದವು. "ಅವ್ವ ಬರೂ ಮಟಾ ನೀನ ನೋಡ್ಕೋಬೇಕವ್ವಾ," ಎಂದ ಅಪ್ಪ. ಶಾಲೆ ಬಿಟ್ಟು ಮನೆಯಲ್ಲಿ ನಿಂತೆ. ಪಕ್ಕದ ಮನೆಯವರು ಸ್ಟೋವ್ ಹಚ್ಚುವುದನ್ನು, ಅನ್ನ ಬಸಿಯುವುದನ್ನು ತೋರಿಸಿಕೊಟ್ಟರು. ಚಪಾತಿ ಬೇಗ ಕೈಗೆ ಹತ್ತಿತು. ಆದರೆ ತಮ್ಮ ಚಿತ್ರವಿಲ್ಲದ ತಾಟನ್ನು ಮುಟ್ಟಲೊಲ್ಲ.

ನನಗೆ ಕಸೂತಿ ಬಾರದು. ಗ್ಯಾಲರಿಯಿಂದ ಕಂಡದ್ದನ್ನೆಲ್ಲ ಮಾಡತೊಡಗಿದೆ. ಒಣಗುವ ಬಟ್ಟೆಯ ನಡುವೆ ಕೂತ ಕಾಗೆ, ನಲ್ಲಿಯ ಮುಂದೆ ಸಾಲು ನಿಂತ ಕೊಡಗಳು, ಚೀಲ ತೂಗುಬಿಟ್ಟ ಪೋಸ್ಟ್‌ಮನ್. ಚಪಾತಿ ಸುರುಳಿ ಮಾಡಿ ತುಂಡರಿಸಿ ಸಾಲಾಗಿಟ್ಟು ಗಜ್ಜರಿಯ ಗಾಲಿ ಹಚ್ಚಿದರೆ ಲೋಕಲ್ ಆಗುತ್ತಿತ್ತು. ಅದರ ಕಿಟಕಿಗಳಲ್ಲಿ ಮಡಕೆಕಾಳಿನ ತಲೆಗಳು. "ಅಕ್ಕಾ, ಇದರಾಗ ಅಪ್ಪ ಯಾಂವ?" ಎಂದು ಕೇಳಿ, ತೋರಿಸಿದ ಕಾಳನ್ನು ಕೊನೆಗೆ ಉಳಿಸಿಕೊಂಡು ತಿನ್ನುತ್ತಿದ್ದ ತಮ್ಮ. ಅವ್ವನ ಕೈಯಲ್ಲಿ ಉಣ್ಣುತ್ತಿದ್ದುದಕ್ಕಿಂತ ಹೆಚ್ಚು ಉಂಡ. ಕೆನ್ನೆ ತುಂಬಿಕೊಂಡವು.

ಒಂದು ಭಾನುವಾರ ಅಪ್ಪ ತಾಟು ನೋಡಿ, "ನಿಮ್ಮವ್ವನಕಿಂತ ಚೊಲೊ ಮಾಡ್ತಿ ನೀ," ಎಂದ. ಅಪ್ಪ ನನ್ನನ್ನು ಹೊಗಳಿದ್ದು ಅದೇ ಮೊದಲು. ಅವತ್ತು ನಾನು ಇನ್ನೂ ಎರಡು ಕಾಗೆ ಹೆಚ್ಚಿಗೆ ಮಾಡಿದೆ. ಎಂಥ ಮಳ್ಳಿ ನಾನು.

ಅವ್ವ ಆಸ್ಪತ್ರೆಯಿಂದ ಬಂದಾಗ ಸೀರೆಯೊಳಗೆ ಮೈ ಇತ್ತೋ ಇಲ್ಲವೋ ಎಂಬಂತಿದ್ದಳು. ಈಗ ತಪ್ಪಲು ತಿನ್ನಬೇಕಾದವಳು ಅವಳು. ಒಂದು ತುತ್ತು ಬಾಯಿಗಿಟ್ಟರೆ ಸಾಕು, "ಸಾಕು" ಅನ್ನುತ್ತಿದ್ದಳು. ನಾನು ಬುದ್ಧಿ ಓಡಿಸಿ ಅವಳ ಹಳೆಯ ಸೀರೆ ತೆಗೆದು, ಸೆರಗಿನ ಮೇಲಿನ ಗೋಪುರ ನೋಡಿಕೊಂಡು ತಾಟಿನಲ್ಲಿ ಹಾಗೆಯೇ ಕಟ್ಟಿದೆ. ಅನ್ನದ ಮೆಟ್ಟಿಲು, ರಾಜಗಿರಿ ಪಲ್ಯದ ಅಂಚು, ಬೀಟ್‌ರೂಟಿನ ಕಳಸ. ಇಡೀ ಬೆಳಗು ಹಿಡಿಯಿತು. ಅವಳ ಮುಂದಿಟ್ಟು ನಿಂತೆ.

ಅವ್ವ ಬೆರಳಿನಿಂದ ಒಂದು ಮೆಟ್ಟಿಲಿನ ಅಂಚನ್ನು ಸರಿ ಮಾಡಿದಳು.

"ಇದೆಲ್ಲ ನನಗ್ಯಾಕವ್ವಾ?" ಎಂದಳು. "ತಮ್ಮಗ ಕೊಡು. ನನಗ ಒಂದೀಟು ಅನ್ನ ಸಾರು ಹಾಕು."

"ಇದು ನಿನಗ ಅಂತ ಮಾಡೇನಿ."

"ಹೆಂಗಸರಿಗೆ ಯಾರರೆ ಇದೆಲ್ಲ ಮಾಡ್ತಾರನ?" ಎಂದು ತಾಟನ್ನು ತಮ್ಮನ ಕಡೆ ತಳ್ಳಿದಳು. ಅವನು ಕಳಸದಿಂದ ಶುರು ಮಾಡಿದ.

ಅವಳಿಗೂ ಯಾರೂ ಒಂದು ಆನೆ ಮಾಡಿ ಕೊಟ್ಟಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಹೊಳೆದರೆ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಆ ನೋವು ಗೊತ್ತಿದ್ದವಳು ಗೊತ್ತಿದ್ದೂ ನನಗೆ ಹಾಗೇ ಮಾಡಿದಳಲ್ಲ ಎಂದು ಇನ್ನಷ್ಟು ಏರಿತು.

ಜೂನ್ ಬಂತು. ತಮ್ಮನ ಹೆಸರು ಶಾಲೆಗೆ ಹಚ್ಚಿದರು. ನಾನೂ ಕಳೆದ ವರ್ಷದ ಪಾಟಿಚೀಲ ತೊಳೆದು ಒಣಹಾಕಿದ್ದೆ. ಪರೀಕ್ಷೆಗೆ ಕೂತಿರಲಿಲ್ಲವಾದ್ದರಿಂದ ನಾಲ್ಕನೆಯದನ್ನೇ ಮತ್ತೆ ಓದಬೇಕಿತ್ತು. ಅದಕ್ಕೂ ತಯಾರಿದ್ದೆ. ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದ: "ಈ ವರ್ಷ ಬ್ಯಾಡವ್ವಾ. ಅವ್ವನ ಕೈಯಾಗ ಕೊಡ ಎತ್ತಲಿಕ್ಕೆ ಆಗಂಗಿಲ್ಲ. ತಮ್ಮನೂ ನಿನ್ನ ಕೈಯಾಗ ಚೊಲೊ ಉಣ್ಣಾಕತ್ತಾನ. ಅಂವಗ ಶಾಲಿಗೆ ಡಬ್ಬಿ ಕಟ್ಟಬೇಕಲ್ಲ."

ನಾನು ಅವ್ವನ ಕಡೆ ನೋಡಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

ಕೆಟ್ಟದಾಗಿ ಮಾಡಿದ್ದರೆ ನನ್ನನ್ನು ಶಾಲೆಗೆ ಕಳಿಸುತ್ತಿದ್ದರೇನೋ. ಈ ಲೆಕ್ಕ ನನಗೆ ಹೊಳೆದದ್ದು ಬಹಳ ತಡವಾಗಿ. ಆಗ ನಾನು ದಿನಾ ಬೆಳಿಗ್ಗೆ ಎದ್ದು ತಮ್ಮನ ಹಿತ್ತಾಳೆ ಡಬ್ಬಿಯಲ್ಲಿ ಪಲ್ಯದ ಹೊಲ, ಚಪಾತಿಯ ಎತ್ತು ಜೋಡಿಸಿ ಮುಚ್ಚಳ ಹಾಕಿ, ಮಳೆಯಲ್ಲಿ ಅವನಿಗೆ ಕೊಡೆ ಹಿಡಿದು ಶಾಲೆಯ ಗೇಟಿನ ತನಕ ಬಿಟ್ಟು ಬರುತ್ತಿದ್ದೆ. ನನ್ನ ಜೊತೆ ಓದಿದವರು ಒಳಗಿಂದ ಕೈ ಬೀಸುತ್ತಿದ್ದರು. ಕೆಲವು ದಿನಗಳಾದ ಮೇಲೆ ಅವರೂ ಬಿಟ್ಟರು.

ದೀಪಾವಳಿಯ ಸುಮಾರಿಗೆ ಒಂದು ದಿನ ಸ್ಟೋವ್ ಕೆಟ್ಟು ತಡವಾಯಿತು. ಚಿತ್ರ ಮಾಡಲು ಸಮಯವಿರಲಿಲ್ಲ. ಚಪಾತಿ, ಮೆಂತ್ಯೆ ಪಲ್ಯ ಹಾಗೇ ತುಂಬಿ ಕಳಿಸಿದೆ. ತಮ್ಮ ಉಪವಾಸ ಬಂದರೆ ಅವ್ವನಿಗೆ ಏನು ಹೇಳಲಿ ಎಂದು ಇಡೀ ದಿನ ಹೆದರಿದ್ದೆ. ಸಂಜೆ ಡಬ್ಬಿ ತೆಗೆದು ನೋಡಿದರೆ ತೊಳೆದಿಟ್ಟಂತೆ ಖಾಲಿ.

"ಯಾರಿಗರೆ ಕೊಟ್ಟಿ ಏನೋ?"

"ಇಲ್ಲ, ನಾನ ತಿಂದೆ," ಎಂದ ತಮ್ಮ. ಆಮೇಲೆ ಹತ್ತಿರ ಬಂದು, "ಅಕ್ಕಾ, ದಿನಾ ಹಿಂಗ ಕಟ್ಟು. ಚಿತ್ರ ಬ್ಯಾಡ. ಹುಡುಗ್ರು ನಗತಾರ."

"ಮತ್ತ ಇಷ್ಟ ದಿನ ಏನ ಮಾಡ್ತಿದ್ದಿ?"

"ಮುಚ್ಚಳ ತಗಿಯೂಕಿಂತ ಮೊದಲ ಡಬ್ಬಿ ಅಲ್ಲಾಡಸ್ತಿದ್ದೆ. ಎಲ್ಲಾ ಕಲಸಿಹೋಗತಿತ್ತು. ಆಮ್ಯಾಲೆ ತಿಂತಿದ್ದೆ."

ಜೂನ್‌ನಿಂದ ಹಾಗೆಯೇ ತಿನ್ನುತ್ತಿದ್ದನಂತೆ. ಯಾಕೆ ಹೇಳಲಿಲ್ಲ ಎಂದರೆ, "ನೀ ಬ್ಯಾಸರ ಮಾಡ್ಕೋತಿ ಅಂತ," ಎಂದ. ಆರು ವರ್ಷದ ಹುಡುಗ. ಅವನ ಮೇಲೆ ಹೇಗೆ ಸಿಟ್ಟು ಮಾಡಲಿ? ಗ್ಯಾಲರಿಗೆ ಬಂದು ಕಠಡಾದ ಸರಳು ಹಿಡಿದು ನಿಂತೆ.

ಅಪ್ಪ ಬಂದ ಕೂಡಲೆ ಹೇಳಿದೆ: "ತಮ್ಮಗ ಚಿತ್ರ ಬೇಕಾಗಿಲ್ಲ. ಅಂವ ಹಂಗ ಉಣ್ತಾನ. ನಾ ಶಾಲಿಗೆ ಹೋಗ್ತೀನಿ." ಅಪ್ಪ ಬೂಟು ಬಿಚ್ಚುತ್ತ, "ಈಗ ಅರ್ಧ ವರ್ಷ ಆತು. ಜೂನ್‌ದಾಗ ನೋಡೂಣು," ಎಂದ. ಜೂನ್ ಬಂದಾಗ ಅವ್ವನಿಗೆ ಮತ್ತೆ ಸೊಂಟನೋವು. ಅದರ ಮುಂದಿನ ಜೂನಿನಲ್ಲಿ ನಾನೇ ಕೇಳಲಿಲ್ಲ. ದೊಡ್ಡವಳಾಗಿದ್ದೆ. ಚಿಕ್ಕ ಮಕ್ಕಳ ನಡುವೆ ಕೂರುವುದಕ್ಕೆ ನಾಚಿಕೆ. ತಮ್ಮನ ಪುಸ್ತಕಗಳನ್ನು ಅವನು ಆಡಲು ಹೋದಾಗ ತೆಗೆದು ಓದುತ್ತಿದ್ದೆ. ಅವನು ಐದನೆಯದಕ್ಕೆ ಹೋದ ವರ್ಷ ನಾನೂ ಐದನೆಯದನ್ನು ಓದಿ ಮುಗಿಸಿದೆ, ಅಡುಗೆಮನೆಯಲ್ಲಿ.

ಹದಿನೇಳಕ್ಕೆ ನನ್ನನ್ನು ನೋಡಲು ಚೆಂಬೂರಿನಿಂದ ಒಂದು ಮನೆಯವರು ಬಂದರು. ವಿಜಾಪುರದ ಕಡೆಯವರು. ಹುಡುಗನ ಅತ್ತಿಗೆ ತನ್ನ ಮೂರು ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡಿದ್ದಳು. ಅವಲಕ್ಕಿಯ ತಾಟು ಮುಂದಿಟ್ಟರೆ ಮಗು ಮುಖ ತಿರುಗಿಸಿತು.

"ಏನ ಕೊಟ್ರೂ ಹಿಂಗ ಮಾಡ್ತಾಳ್ರಿ," ಎಂದಳು ತಾಯಿ.

ಅವ್ವನ ಮುಖ ಅರಳಿತು. "ನಮ್ಮಾಕಿ ಅದರಾಗ ಭಾಳ ಶಾಣ್ಯಾಕಿ," ಎಂದಳು. "ಆನಿ, ಗಿಳಿ, ರೇಲ್ವೆ, ಎಲ್ಲಾ ತಾಟಿನ್ಯಾಗ ಮಾಡ್ತಾಳ. ತನ್ನ ತಮ್ಮನ್ನ ಹಂಗ ಬೆಳಿಸ್ಯಾಳ. ಹೋಗವ್ವಾ, ಕೂಸಿಗೆ ಏನರೆ ಮಾಡಿ ತಾ."

ಎಲ್ಲರೂ ನನ್ನ ಕಡೆ ನೋಡಿದರು. ಹುಡುಗನ ಅವ್ವ, "ಎಷ್ಟನೇತ್ತೆ ಓದೀ?" ಎಂದು ಆಗಲೇ ಕೇಳಿ, "ಮೂರನೇತ್ತೆ ಪಾಸ್" ಎಂಬ ಉತ್ತರ ಪಡೆದಿದ್ದರು.

"ನನಗ ಅದೆಲ್ಲ ಬರೂದಿಲ್ರಿ," ಎಂದೆ.

ಅವ್ವನ ಕೈಯಲ್ಲಿದ್ದ ಚಹಾದ ಕಪ್ಪುಬಸಿ ಅಲ್ಲೇ ನಿಂತಿತು. ಅಪ್ಪ ಕೆಮ್ಮಿದ. ಆ ಮಗು ನನ್ನನ್ನೇ ನೋಡುತ್ತಿತ್ತು, ಅದಕ್ಕೊಂದು ಮಾಡಿಕೊಡಬಹುದಿತ್ತು. ಹೆಣ್ಣುಮಗು. ಆದರೂ ಏಳಲಿಲ್ಲ. ಅವರು ಚಹಾ ಕುಡಿದು, ಪತ್ರ ಬರೆಯುತ್ತೇವೆಂದು ಹೇಳಿ ಹೋದರು. ಬರೆಯಲಿಲ್ಲ.

"ಯಾಕ ಸುಳ್ಳ ಹೇಳಿದಿ?" ಎಂದಳು ಅವ್ವ, ಬಸಿಗಳನ್ನು ಒಂದರ ಮೇಲೊಂದು ಇಡುತ್ತ.

ಬರುತ್ತದೆ ಎಂದಿದ್ದರೆ ಆ ಮನೆಯಲ್ಲೂ ಅದೇ ಕೆಲಸ ನನ್ನ ಪಾಲಾಗುತ್ತಿತ್ತು. ನಾವಿಬ್ಬರೂ ಬಸಿ ತೊಳೆದು, ಒರೆಸಿ, ಬೋರಲು ಹಾಕಿದೆವು.