ಮಧ್ಯಾಹ್ನದ ಅಕ್ಕೋರು

ಇವತ್ತು ಬೆಳಿಗ್ಗೆ ಹಿತ್ತಲ ತಂತಿಬೇಲಿಗೆ ಹಬ್ಬಿದ ತೊಂಡೆಬಳ್ಳಿಯನ್ನು ಸವರುತ್ತಿದ್ದೆ. ಒಂದು ಹಿಡಿ ಎಲೆ ಅಂಗೈಯಲ್ಲಿ ಜಜ್ಜಿಹೋಯಿತು. ಆ ಹಸಿ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಕತ್ತರಿ ಕೈಯಲ್ಲೇ ನಿಂತಿತು. ಪಕ್ಕದ ಮನೆಯ ಅಕ್ಕೋರು ನೆನಪಾದರು... ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತೇವೆ. ಇವರು ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಪಡಸಾಲೆಯ ಗೋಡೆಯಲ್ಲಿ ಒಂದು ಕಪ್ಪುಹಲಗೆ ಇಟ್ಟುಕೊಂಡಿದ್ದರು. ಶನಿವಾರ ಬಂದರೆ ಇದ್ದಿಲ ಪುಡಿಗೆ ತೊಂಡೆ ಎಲೆಯ ರಸ ಸೇರಿಸಿ, ಕಪ್ಪು ಮಾಸದಂತೆ ಅದಕ್ಕೆ ತಿಕ್ಕುವರು. ಬರೆಯುವವರಿಲ್ಲದ ಹಲಗೆಗೆ ಇಷ್ಟೊಂದು ಉಪಚಾರವೇ ಎಂದು ನನಗೆ ನಗು ಬರುತ್ತಿತ್ತು.

ಆಗ ನನ್ನ ಮಗಳಿಗೆ ಎಂಟು ವರ್ಷ. ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತಿದ್ದೆ. ಅದರ ಹಿಂದೆ ದೊಡ್ಡ ಸಿದ್ಧಾಂತವೇನೂ ಇರಲಿಲ್ಲ. ಮನೆಯಲ್ಲಿ ಚಟಪಟ ಮಾತಾಡುವ ಹುಡುಗಿ ಹೊರಗಿನವರ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ. ತರಗತಿಯಲ್ಲಿ ಉತ್ತರಕ್ಕೆಂದು ಎಬ್ಬಿಸಿದರೆ ಸುಮ್ಮನೆ ನಿಂತೇ ಇರುವಳು, ಉಳಿದ ಮಕ್ಕಳು ನಗುವರು. ಒಂದು ಸಂಜೆ ಲಂಗ ಒದ್ದೆ ಮಾಡಿಕೊಂಡು ಬಂದಳು. ಹೊರಗೆ ಹೋಗಿ ಬರುತ್ತೇನೆಂದು ಕೇಳಲೂ ಬಾಯಿ ಬಂದಿರಲಿಲ್ಲ. ಮಾರನೆಯ ದಿನದಿಂದ ನಾನು ಕಳಿಸಲಿಲ್ಲ. ಓದು ಹಾಗಿರಲಿ, ಇವಳು ಹೊರಗಿನವರ ಹತ್ತಿರ ಬಾಯಿಬಿಟ್ಟು ಒಂದು ಮಾತಾಡಿದರೆ ಸಾಕು ಎಂಬುದೇ ನನ್ನ ಹಂಬಲವಾಗಿತ್ತು.

ಮನೆಯೇ ಶಾಲೆ ಅಂದರೆ ಬಾಯಿಮಾತಲ್ಲ. ಕುಕ್ಕರಿನ ಸೀಟಿಯ ಜೊತೆಗೇ ಕೂಡುವ ಲೆಕ್ಕ, ಕಾಲುವೆಗೆ ನೀರು ಬಿಟ್ಟ ದಿನ ಭೂಗೋಳ. ಇತಿಹಾಸಕ್ಕೆಂದು ಹಂಪಿಗೆ ಕರೆದುಕೊಂಡು ಹೋದರೆ ಇವಳಿಗೆ ಕಂಬದ ಮೇಲಿನ ಅಳಿಲೇ ಮುಖ್ಯ. ನನ್ನ ಯಜಮಾನರು ಸಂಡೂರಿನ ಗಣಿ ಕಚೇರಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಹೆಡ್‌ಮಾಸ್ತರಿಂದ ಹಿಡಿದು ಜವಾನನವರೆಗೆ ಎಲ್ಲವೂ ನಾನೇ. ಸಾಲದ್ದಕ್ಕೆ ಬೀದಿಯವರ ತಪಾಸಣೆ. ತರಕಾರಿ ಗಾಡಿಯವಳೂ "ಯಾಕ್ರೀ, ಹುಡುಗಿ ಸಾಲಿಗೆ ಹೋಗಂಗಿಲ್ಲೇನ್ರೀ?" ಎಂದು ಕೇಳಿಯೇ ಟೊಮೆಟೊ ತೂಗುತ್ತಿದ್ದಳು.

ಕೇಳದೆ ಇದ್ದವರು ಅಕ್ಕೋರು ಒಬ್ಬರೇ. ಒಂದು ದಿನ ಕಾಂಪೌಂಡಿನ ಆಚೆಯಿಂದ, "ಮಧ್ಯಾಹ್ನ ಅಕಿನ್ನ ನನ್ನ ಹತ್ರ ಕಳಸ್ರಿ. ನಿಮಗೂ ಒಂದೀಟು ಬೆನ್ನು ಚಾಚಾಕ ಆಗ್ತದ," ಅಂದರು. ಅವರ ಕಣ್ಣಿಗೆ ಬೆದರಿ ಮಗ್ಗಿ ಕಲಿತವರು ಹೊಸಪೇಟೆಯ ತುಂಬ ಇದ್ದರು. ತಲೆ ನರೆತ ವಕೀಲರೂ ಅವರನ್ನು ಕಂಡರೆ ಸ್ಕೂಟರ್ ಇಳಿದು ನಿಲ್ಲುತ್ತಿದ್ದರು. ಅಂಥವರ ಮುಂದೆ ಇವಳು ಬಾಯಿ ಬಿಟ್ಟಂತೆಯೇ ಸರಿ ಎಂದುಕೊಂಡೇ ಕಳಿಸಿದೆ.

ಕೆಲವು ವಾರ ಕಳೆದಿರಬೇಕು. ಮಗಳು ಬೆಳಿಗ್ಗೆ ತಾನಾಗಿಯೇ ಮಗ್ಗಿ ಉರುಹೊಡೆಯತೊಡಗಿದಳು. ಹಲ್ಲುಜ್ಜುವಾಗಲೂ ಅದೇ ಧ್ಯಾನ. "ಇಷ್ಟ್ಯಾಕ ಗಡಿಬಿಡಿ?" ಅಂದರೆ, "ಮಧ್ಯಾಹ್ನ ಬೇಕಲ್ಲಮ್ಮ," ಅನ್ನುವಳು. ಅಕ್ಕೋರ ಹೆದರಿಕೆ ಕೆಲಸ ಮಾಡುತ್ತಿದೆ ಎಂದು ಒಳಗೊಳಗೇ ಖುಷಿಪಟ್ಟೆ.

ಒಂದು ಮಧ್ಯಾಹ್ನ ಮಿರ್ಚಿ ಬಜ್ಜಿ ಕರಿದಿದ್ದೆ. ಬಿಸಿ ಇರುವಾಗಲೇ ಕೊಡೋಣವೆಂದು ತಟ್ಟೆ ಹಿಡಿದು ಅವರ ಮನೆಗೆ ಹೋದೆ. ಬಾಗಿಲ ಹತ್ತಿರ ಬರುತ್ತಿದ್ದಂತೆ ಒಳಗಿನಿಂದ ಗದರುವ ದನಿ.

"ಮತ್ತ ತಪ್ಪು! ಏಳ ನಾಕಲೆ ಎಷ್ಟು? ನಿನ್ನೆನೂ ಹೇಳಿಕೊಟ್ಟೀನಲ್ರೀ?"

ಅದು ನನ್ನ ಮಗಳ ದನಿ! ಬೇರೆಯವರ ಮನೆಯಲ್ಲಿ, ಬೀದಿಗೆ ಕೇಳುವಷ್ಟು ಜೋರಾಗಿ. ಹಿಗ್ಗಬೇಕೋ, ದೊಡ್ಡವರನ್ನು ಗದರುತ್ತೀಯಾ ಎಂದು ಬೈಯಬೇಕೋ ತಿಳಿಯದೆ ಇಣುಕಿ ನೋಡಿದೆ. ಮಗಳು ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತಿದ್ದಳು. ಅಕ್ಕೋರು ಚಾಪೆಯ ಮೇಲೆ ಕಾಲು ಮಡಚಿ ಕೂತು ಬೆರಳೆಣಿಸುತ್ತಿದ್ದರು. ನಡುವೆ ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ... ಆಟವೆಂದು ತಿಳಿದು ನಾನು ನಕ್ಕುಬಿಟ್ಟೆ. "ಏನ್ರೀ ಅಕ್ಕೋರ, ಪಾಠ ಉಲ್ಟಾ ಆಗೇದಲ್ರೀ!"

ಅವರು ನಗಲಿಲ್ಲ. ತಲೆ ಎತ್ತಿ ನನ್ನನ್ನು ದಿಟ್ಟಿಸಿದರು. ಅದೇ ಬೆಳಿಗ್ಗೆ ಕಾಂಪೌಂಡಿಗೆ ಆತುಕೊಂಡು ನನ್ನೊಂದಿಗೆ ಹರಟೆ ಹೊಡೆದಿದ್ದವರು.

"ನೀವು ಯಾರ ತಾಯಿ ರೀ?" ಎಂದು ಕೇಳಿದರು.

ನಾನು ಬೆಚ್ಚಿಬಿದ್ದೆ. ಮಗಳು ಮಾತ್ರ ಸ್ವಲ್ಪವೂ ಗಾಬರಿಯಾಗಲಿಲ್ಲ. ಅವರ ಪಕ್ಕ ಕೂತು, "ನಮ್ಮ ಅಮ್ಮ ರೀ. ಪಕ್ಕದ ಮನಿಯವ್ರು. ಮಿರ್ಚಿ ತಂದಾರ, ತಿನ್ರಿ," ಎಂದು ನಿಧಾನವಾಗಿ ತಿಳಿಸಿಹೇಳಿದಳು. ದಿನವೂ ಮಾಡಿ ರೂಢಿಯಾದ ಕೆಲಸ ಎಂಬುದು ನೋಡಿದರೇ ಗೊತ್ತಾಗುತ್ತಿತ್ತು.

ಮನೆಗೆ ಬಂದು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದೆ. ಅಕ್ಕೋರು ಬೆಳಿಗ್ಗೆ ಸರಿಯಾಗಿರುತ್ತಿದ್ದರು, ಹೊತ್ತು ಏರಿದಂತೆ ಒಂದೊಂದೇ ಮರೆತುಹೋಗುತ್ತಿತ್ತು. ಮೊದಮೊದಲು ಅವರೇ ಇವಳಿಗೆ ಕಲಿಸುತ್ತಿದ್ದರಂತೆ. ಒಂದು ದಿನ ಹಲಗೆಯ ಮೇಲೆ ಮಗ್ಗಿ ಬರೆಯುತ್ತಿದ್ದವರು ಮುಂದಿನ ಅಂಕಿ ಹೊಳೆಯದೆ ನಿಂತುಬಿಟ್ಟರಂತೆ. ಕಣ್ಣಲ್ಲಿ ನೀರು ತುಂಬಿತ್ತಂತೆ. ಆಗ ಇವಳು ಬಾಯಿ ಬಿಟ್ಟು ಆ ಅಂಕಿ ಹೇಳಿದ್ದಳು.

"ನನಗ ಯಾಕ ಹೇಳಲಿಲ್ಲ?" ಅಂದೆ.

"ಹೇಳಿದ್ರ ಎಲ್ಲಾರೂ ನಗ್ತಾರಮ್ಮ. ನನ್ನ ನೋಡಿ ನಕ್ರಲ್ಲ, ಹಂಗ."

ಅಷ್ಟು ಚಿಕ್ಕ ಹುಡುಗಿ ಅಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು! ನನಗೆ ಅಳು ಬಂತು. ಮಗಳು ಮಾತಾಡಿದ ಸಂತೋಷಕ್ಕೋ, ಅಕ್ಕೋರ ಸಂಕಟಕ್ಕೋ, ಇವತ್ತಿಗೂ ಹೇಳಲಾರೆ.

ಒಂಟಿ ಜೀವ, ಗ್ಯಾಸ್ ಹಚ್ಚಿ ಮರೆತರೆ ಗತಿಯೇನೆಂದು ಕಂಪ್ಲಿಯಲ್ಲಿದ್ದ ಅವರ ತಮ್ಮನಿಗೆ ಫೋನ್ ಮಾಡಿದೆ. ಅವರು ಬಂದು ಕರೆದುಕೊಂಡು ಹೋದರು. ಮಗಳು ಆ ದಿನ ಊಟ ಬಿಟ್ಟಳು.

ದೀಪಾವಳಿ ಕಳೆದ ಮೇಲೆ ನೋಡಿಬರಲು ಹೋದೆವು. ಮನೆ ತುಂಬ ನೆಂಟರಿದ್ದರು. ಅಕ್ಕೋರು ಮೂಲೆಯ ಕುರ್ಚಿಯಲ್ಲಿ ಸೊರಗಿ ಕೂತಿದ್ದರು. ಸ್ವಂತ ತಮ್ಮನ ಗುರುತೂ ಹತ್ತುತ್ತಿಲ್ಲವೆಂದು ಮನೆಯವರು ಹೇಳಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಚಪ್ಪಲಿ ಬಿಟ್ಟು ಮಗಳು ಒಳಗೆ ಬಂದಳು ನೋಡಿ, ಅಕ್ಕೋರು ಕುರ್ಚಿಯ ಕೈ ಊರಿಕೊಂಡು ಎದ್ದರು. ಸೆರಗು ಸರಿಮಾಡಿಕೊಂಡು, ನೆಟ್ಟಗೆ ನಿಂತು, ಕೈಮುಗಿದರು.

"ನಮಸ್ಕಾರ ರೀ ಅಕ್ಕೋರ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಮಗಳು ಗಿರಕ್ಕನೆ ಆ ಕಡೆ ತಿರುಗಿದಳು. ಕಂಡು ಕೇಳಿರದ ಅಷ್ಟೂ ಜನರ ಮುಂದೆ, "ಯಾರೂ ನಗಬ್ಯಾಡ್ರಿ!" ಎಂದು ಗದರಿದಳು. ಆಮೇಲೆ ಅಕ್ಕೋರ ಕೈ ಹಿಡಿದು, "ನಮಸ್ಕಾರ. ಕುಂದ್ರಿ," ಎಂದು ಕೂರಿಸಿದಳು.

ಅಕ್ಕೋರು ತೀರಿಹೋಗಿ ಈಗ ವರ್ಷಗಳೇ ಆದವು. ಪಕ್ಕದ ಮನೆಯಲ್ಲಿ ಬಾಡಿಗೆಯವರಿದ್ದಾರೆ. ಮಗಳು ಕಾಲೇಜಿನಲ್ಲಿ ಮೈಕ್ ಹಿಡಿದರೆ ಬಿಡುವುದಿಲ್ಲ. ಹೋದ ತಿಂಗಳು ಭಾಷಣದಲ್ಲಿ ಬಹುಮಾನ ಬಂತು. ಕೊಡಲು ಬಂದವರು ವೇದಿಕೆಯ ಮೇಲೇ, "ಇಷ್ಟು ಚೆಂದ ಮಾತಾಡಾಕ ನಿನಗ ಕಲಿಸಿದವರು ಯಾರವ್ವಾ?" ಎಂದು ಕೇಳಿ ಮೈಕ್ ಅವಳ ಮುಂದೆ ಹಿಡಿದರು.

ಮಗಳು ಬಾಯಿ ತೆರೆದಳು. ಆದರೆ ಮಾತು ಹೊರಡಲಿಲ್ಲ. ಅಂದು ಕಂಪ್ಲಿಯಲ್ಲಿ ಅಕ್ಕೋರು ಮಾಡಿದ ಹಾಗೆಯೇ ನೆಟ್ಟಗೆ ನಿಂತು ಕೈಮುಗಿದಳು.